ಸಹಿಗೆ ಮುಂಚೆ ಒಂದು ಮಾತು

ನೋಡಮ್ಮ, ತವರಿಂದ ಒಂದು ದಿನ ಫೋನ್ ಬರುತ್ತದೆ. "ನಾಳೆ ಆಧಾರ್ ಕಾರ್ಡು ತಗೊಂಡು ಬಂದ್ಬಿಡು, ಒಂದು ಸಹಿ ಅಷ್ಟೆ." ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಯ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆಯೂ ಹೀಗೆ ಬಂದು ನಿಂತ ಹೆಣ್ಣುಮಕ್ಕಳಿರುತ್ತಾರೆ. ಹಕ್ಕು ಬಿಡುಗಡೆ ಪತ್ರದಲ್ಲಿ 'ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ' ಎಂದು ಪತ್ರ ಬರಹಗಾರ ಬರೆದಿಟ್ಟಿರುತ್ತಾನೆ. ಆ ಇಚ್ಛೆ ಯಾರದೋ ಅವಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ತವರಿನ ಮೇಲೆ ಕೇಸು ಹಾಕು ಎನ್ನುತ್ತಿಲ್ಲ ನಾನು. ಬಿಟ್ಟುಕೊಡುವುದೂ ನಿನ್ನ ಸ್ವಾತಂತ್ರ್ಯವೇ. ಅಪ್ಪ ಅಮ್ಮನನ್ನು ಕಡೆಗಾಲದಲ್ಲಿ ನೋಡಿಕೊಂಡವನು ಅಣ್ಣ, ಇರುವ ಒಂದೆಕರೆ ಆಲೂಗೆಡ್ಡೆ ಹೊಲ ಅವನಿಗೇ ಇರಲಿ ಅನ್ನಿಸಿದರೆ ಸಂತೋಷವಾಗಿ ಸಹಿ ಹಾಕು. ಆದರೆ ಕೊಡುವ ಮುಂಚೆ ಅದು ನಿನ್ನದೆಂದು ನಿನಗೆ ಗೊತ್ತಿರಬೇಕು, 'ಕೊಡಲ್ಲ' ಎನ್ನುವ ದಾರಿಯೂ ತೆರೆದಿರಬೇಕು. ಗೌರಿ ಹಬ್ಬದ ಬಾಗಿನ ನಿಂತುಹೋದೀತು ಎಂದು ಹೆದರಿ ಹಾಕಿದ ಸಹಿಯನ್ನು ದಾನವೆಂದು ಹೇಗೆ ಕರೆಯಲಿ? ಅದು ತೆತ್ತ ದಂಡ. ಗೀತೆಯಲ್ಲಿ ಅಷ್ಟೆಲ್ಲ ಬೋಧಿಸಿದ ಕೃಷ್ಣನೂ ಕೊನೆಗೆ, ಪೂರ್ತಿ ವಿಚಾರಮಾಡಿ ನಿನ್ನಿಷ್ಟದಂತೆ ಮಾಡು ಎಂದು ತೀರ್ಮಾನವನ್ನು ಅರ್ಜುನನಿಗೇ ಬಿಟ್ಟ. ನಮ್ಮ ಮನೆಗಳಲ್ಲಿ ವಿಚಾರಮಾಡಲು ಮಗಳಿಗೆ ಒಂದು ರಾತ್ರಿಯನ್ನೂ ಕೊಡುವುದಿಲ್ಲ. ನನ್ನನ್ನು ನೋಯಿಸುವುದು ಇದೇ.

ಕಾನೂನನ್ನೂ ತಿಳಿದುಕೊ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲೆಂದು ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಆಗಿಹೋದ ವಿಭಾಗವನ್ನು ಮಾತ್ರ ಕೆದಕಲಾಗದು. ಒತ್ತಡದಿಂದ ಪಡೆದ ಒಪ್ಪಿಗೆ ನಿಲ್ಲುವುದಿಲ್ಲ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ, ನಿಜ. ಆದರೆ ಸಹಿ ಹಾಕಿದ ಮೇಲೆ ಒತ್ತಡವಿತ್ತೆಂದು ರುಜುವಾತು ಮಾಡುವುದು ವರ್ಷಗಟ್ಟಲೆಯ ಅಲೆದಾಟ.

ಆದ್ದರಿಂದ ಪತ್ರದ ನಕಲನ್ನು ಮುಂಚೆಯೇ ಕೇಳಿ ತರಿಸಿಕೊ. ಸರ್ವೆ ನಂಬರು, ವಿಸ್ತೀರ್ಣವನ್ನು ಪಹಣಿಯ ಜೊತೆ ತಾಳೆ ನೋಡು. ಅರ್ಥವಾಗದಿದ್ದರೆ ನಿನ್ನ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗು. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ.