ಒಣಗಿದ ಹೊಲಿಗೆ ಮತ್ತೆ ಸೋರಿದರೆ

ಊರಲ್ಲಿ ಗಾಲ್‌ಬ್ಲಾಡರ್ ಅಥವಾ ಹರ್ನಿಯಾ ಆಪರೇಷನ್ ಮುಗಿಸಿಕೊಂಡು, ಹೊಲಿಗೆ ಒಣಗಿದ ಮೇಲೆ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬರುವ ಹಿರಿಯರು ಅನೇಕರು. ಬಂದ ಮೇಲೆ ಹಳೆಯ ಗಾಯದ ಜಾಗದಲ್ಲಿ ಸಣ್ಣ ಗಂಟೆದ್ದು ನೀರಿನಂಥ ಕೀವು ಒಸರಿದರೆ, ಜ್ವರವಿಲ್ಲ, ನೋವೂ ಅಷ್ಟಿಲ್ಲ, ಮಗನಿಗೇಕೆ ಖರ್ಚು ಎಂದು ಮುಚ್ಚಿಡಬೇಡಿ.

ಆಪರೇಷನ್ ಗಾಯ ಸಾಮಾನ್ಯವಾಗಿ ಕೀವಾಗುವುದು ಮೊದಲ ಒಂದೆರಡು ವಾರದಲ್ಲಿ, ಚರ್ಮದ ಮೇಲೇ ಇರುವ ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾದಿಂದ. ಮೂರು ನಾಲ್ಕು ವಾರ ಕಳೆದ ಮೇಲೆ, ಅದರಲ್ಲೂ ಲ್ಯಾಪ್ರೊಸ್ಕೋಪಿ ಮಾಡಿದ ಸಣ್ಣ ತೂತುಗಳ ಜಾಗದಲ್ಲಿ ಸೋರತೊಡಗಿದರೆ ನಾವು ಬೇರೆಯದನ್ನೂ ಅನುಮಾನಿಸುತ್ತೇವೆ: ಮೈಕೋಬ್ಯಾಕ್ಟೀರಿಯಂ ಕೆಲೋನೆ, ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಮುಂತಾದವು. ಇವು ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಗಳು. ಹೆದರಬೇಡಿ, ಇದು ಕ್ಷಯವಲ್ಲ. ಈ ಗಾಯದಿಂದ ಮೊಮ್ಮಕ್ಕಳಿಗೆ ಕ್ಷಯ ಅಂಟುವುದಿಲ್ಲ. ಇವುಗಳ ವಾಸ ಮಣ್ಣು ಮತ್ತು ನಲ್ಲಿ ನೀರು. ಕ್ಲೋರಿನ್‌ಗೂ ಸುಲಭಕ್ಕೆ ಬಗ್ಗುವುದಿಲ್ಲ. ಔಷಧದಲ್ಲಿ ಅದ್ದಿಟ್ಟ ಸಾಧನಗಳನ್ನು ಆಮೇಲೆ ನಲ್ಲಿ ನೀರಿನಲ್ಲಿ ತೊಳೆದರೆ ಅಲ್ಲಿಂದ ಗಾಯದೊಳಕ್ಕೆ ಸೇರಬಹುದು.

ತೊಡಕಿರುವುದು ಪತ್ತೆ ಮಾಡುವುದರಲ್ಲಿ. ಸಾಮಾನ್ಯ ಕಲ್ಚರ್ ಪರೀಕ್ಷೆಯನ್ನು ಲ್ಯಾಬಿನವರು ಎರಡು ಮೂರು ದಿನ ನೋಡಿ, ಏನೂ ಬೆಳೆದಿಲ್ಲ ಎಂದು ಬರೆದುಬಿಡುತ್ತಾರೆ. ಇವು ಬೆಳೆದು ಕಾಣಿಸಲು ವಾರದ ತನಕ ಬೇಕಾಗಬಹುದು, ಕೆಲವೊಮ್ಮೆ ಇನ್ನೂ ಹೆಚ್ಚು. ವೈದ್ಯ ಪುಸ್ತಕಗಳು ಇವನ್ನು ‘ಬೇಗ ಬೆಳೆಯುವವು’ ಎನ್ನುತ್ತವೆ, ಕ್ಷಯಕ್ಕೆ ಹೋಲಿಸಿದರೆ ಮಾತ್ರ ಬೇಗ! ಆದ್ದರಿಂದ ಡಾಕ್ಟರು ‘ಎ.ಎಫ್.ಬಿ. ಕಲ್ಚರ್’ ಎಂದು ಬೇರೆಯಾಗಿಯೇ ಬರೆಯಬೇಕು. ಅದನ್ನು ಸುಮಾರು 6 ವಾರ ಇಟ್ಟು ನೋಡುತ್ತಾರೆ. ಮೇಲಿಂದ ಹತ್ತಿಯಲ್ಲಿ ಒರೆಸಿದ್ದಕ್ಕಿಂತ ಸಿರಿಂಜಿನಲ್ಲಿ ಎಳೆದ ಕೀವು ಅಥವಾ ಗಾಯದಿಂದ ತೆಗೆದ ಸಣ್ಣ ಚೂರು ಮೇಲು. ಯಾವ ಜಾತಿ ಎಂದೂ ತಿಳಿಯಬೇಕು, ಏಕೆಂದರೆ ಒಂದಕ್ಕೆ ನಾಟುವ ಔಷಧ ಇನ್ನೊಂದಕ್ಕೆ ನಾಟದಿರಬಹುದು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಕೆಲವರಿಗೆ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ.

ಕೀವು ಕಂಡಾಗ ಊರಿಂದ ತಂದ ಆಂಟಿಬಯಾಟಿಕ್ ನುಂಗಬೇಡಿ. ಅರೆಬರೆ ಔಷಧದಿಂದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸಿಗದೆ ಹೋಗಬಹುದು. ಅರಿಶಿನವನ್ನೂ ಮೆತ್ತಬೇಡಿ. ಆಪರೇಷನ್ ಎಲ್ಲಿ, ಯಾವ ದಿನ ಆಯಿತು, ಒಳಗೆ ಜಾಲರಿ ಹಾಕಿದ್ದಾರೆಯೇ, ಸಕ್ಕರೆ ಕಾಯಿಲೆ ಇದೆಯೇ, ಇಷ್ಟನ್ನು ಇಲ್ಲಿಯ ಡಾಕ್ಟರಿಗೆ ನೀವೇ ಹೇಳಿ, ಅವರಾಗಿ ಕೇಳಲಿಕ್ಕಿಲ್ಲ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಫೋನಿನಲ್ಲಿರಲಿ. ಚಳಿಜ್ವರ ಬಂದರೆ, ಕೆಂಪು ಹರಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ವಾಪಸು ಹೊರಡುವ ದಿನ ಹತ್ತಿರವಿದ್ದರೂ ಕೀವು ಪರೀಕ್ಷೆಗೆ ಕೊಟ್ಟೇ ಹೊರಡಿ. ವರದಿ ಬಂದಾಗ ಮಕ್ಕಳು ಅದನ್ನು ಊರಿನ ಸರ್ಜನ್‌ಗೆ ಕಳಿಸಬಹುದು.