ಗಿರಣಿಯಲ್ಲಿ ಕಲಿಕೆ: ಗಂಗಾವತಿಯ ಮಾಲೀಕರೊಬ್ಬರ ಪ್ರಶ್ನೆಗೆ ಉತ್ತರ

ಹತ್ತು ಹನ್ನೆರಡು ಕೆಲಸಗಾರರಿರುವ ಅಕ್ಕಿ ಗಿರಣಿಯಲ್ಲಿ ತರಬೇತಿಗೆ ಹಣ ಹಾಕಿದರೆ ಕಲಿತವರು ದೊಡ್ಡ ಗಿರಣಿಗೆ ಹೋಗಿಬಿಡುತ್ತಾರೆಂಬ ಆತಂಕ ಸಹಜವೇ ಆದರೂ, ಕಲಿಯದೆ ಉಳಿದವರಿಂದಾಗುವ ನಷ್ಟ ದಿನವೂ ನುಚ್ಚಿನ ರೂಪದಲ್ಲಿ ಕಣ್ಣೆದುರೇ ಬಿದ್ದಿರುತ್ತದೆ. ಭತ್ತದ ಹೊಟ್ಟು ಸುಲಿಯುವ ಶೆಲ್ಲರ್‌ನಲ್ಲಿ ಎರಡು ರಬ್ಬರ್ ರೋಲುಗಳು ಬೇರೆಬೇರೆ ವೇಗದಲ್ಲಿ ತಿರುಗುತ್ತವೆ. ಅವುಗಳ ನಡುವಿನ ಅಂತರ ತೀರ ಕಿರಿದಾದರೆ ಅಕ್ಕಿ ಮುರಿಯುತ್ತದೆ, ಹೆಚ್ಚಾದರೆ ಭತ್ತ ಸುಲಿಯದೆ ಹೊರಬರುತ್ತದೆ. ತೇವಾಂಶ ಶೇ 14ರ ಆಸುಪಾಸಿನಲ್ಲಿದೆಯೇ ಎಂದು ಮಾಪಕದಲ್ಲಿ ನೋಡಿ ಈ ಅಂತರವನ್ನು ಹೊಂದಿಸುವ ವಿದ್ಯೆ ಒಬ್ಬ ಹಿರಿಯ ಆಪರೇಟರರ ಕೈಯಲ್ಲಷ್ಟೇ ಉಳಿದರೆ, ಅವರು ರಜೆ ಹಾಕಿದ ದಿನ ಗಿರಣಿಯೇ ಕುಂಟುತ್ತದೆ.

ಆದ್ದರಿಂದ ಮೊದಲ ಗುರು ಆ ಆಪರೇಟರೇ ಆಗಬೇಕು, ಅವರು ಕಲಿಸುವ ಹೊತ್ತಿಗೂ ಕೂಲಿ ಸಲ್ಲಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಸುಗ್ಗಿ ಮುಗಿದು ಭತ್ತದ ಆವಕ ಇಳಿಯುವ ವಾರಗಳು ಇದಕ್ಕೆ ತಕ್ಕವು. ರಾತ್ರಿ ಪಾಳಿ ಮುಗಿಸಿದವರನ್ನು ಪಾಠಕ್ಕೆ ಕೂರಿಸುವುದು ಅನ್ಯಾಯ.

ಹೊಸಬರಿಗೆ 1961ರ ಅಪ್ರೆಂಟಿಸ್ ಕಾಯ್ದೆಯ ಹಾದಿಯಿದ್ದು, 2019ರ ನಿಯಮ ತಿದ್ದುಪಡಿಯಂತೆ 4 ಜನರಿರುವ ಘಟಕವೂ ಅಪ್ರೆಂಟಿಸ್‌ಗಳನ್ನು, ಅಂದರೆ ಭತ್ಯೆ ಪಡೆಯುತ್ತ ಕೆಲಸದಲ್ಲೇ ಕಲಿಯುವವರನ್ನು, ಇಟ್ಟುಕೊಳ್ಳಬಹುದು. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಊರುಗಳಿಂದ ಶಾಲೆ ಬಿಟ್ಟು ಬಂದ ಹಳಬರಿಗೆ ಹೆಚ್ಚು ಬೇಕಾದದ್ದು ‘ಪೂರ್ವಕಲಿಕೆಯ ಮಾನ್ಯತೆ’, ಅಂದರೆ ದುಡಿಮೆಯಿಂದಲೇ ಬಂದ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆ. ಇದನ್ನು ಕೊಪ್ಪಳದ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಬಹುದು.

ಹೋಗುವವರನ್ನು ಬಾಂಡ್ ಬರೆಸಿಕೊಂಡು ತಡೆಯುವ ಯೋಚನೆಯನ್ನು ಮಾಲೀಕರು ಕೈಬಿಟ್ಟು, ಕಲಿತ ಮೇಲೆ ಕೂಲಿ ಎಷ್ಟು ಏರುತ್ತದೆಂಬುದನ್ನು ಕಲಿಕೆ ಶುರುವಾಗುವ ಮೊದಲೇ ಬರೆದು ತಿಳಿಸುವುದು ಒಳಿತು.