ಪೈಪು ಬಗ್ಗಿಸುವ ಮುನ್ನ ಟೇಪು ಹಿಡಿಯಿರಿ

ಉಕ್ಕಿನ ಕಾಂಡ್ಯೂಟ್ ಪೈಪು ಬಗ್ಗಿಸುವುದು ಕೈಚಳಕದ ಕೆಲಸ, ಅಲ್ಲಿ ಲೆಕ್ಕಕ್ಕೆ ಜಾಗವಿಲ್ಲ ಎಂಬ ನಂಬಿಕೆ ವೈರಿಂಗ್ ಮಾಡುವವರಲ್ಲಿ ಗಟ್ಟಿಯಾಗಿದೆ. ಕೈಚಳಕ ಬೇಕು, ನಿಜ. ಆದರೆ ಕೈಬೆಂಡರಿನ ತಲೆಯ ಮೇಲೆ ಬಾಣವನ್ನೂ ಡಿಗ್ರಿ ಗೆರೆಗಳನ್ನೂ ಕೊರೆದಿರುವುದು ಅಂದಕ್ಕಲ್ಲ. ಬೆಂಡರು ಬಗ್ಗಿಸುವ ಸಲಕರಣೆಯಷ್ಟೇ ಅಲ್ಲ, ಅಳೆಯುವ ಸಲಕರಣೆಯೂ ಹೌದು. ಒಮ್ಮೆ ಬಾಗಿದ ಪೈಪನ್ನು ಮತ್ತೆ ನೆಟ್ಟಗೆ ಮಾಡಹೊರಟರೆ ಬಾಗಿದ ಕಡೆ ಅದು ಚಪ್ಪಟೆಯಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ. ಕಣ್ಣಂದಾಜು ತಪ್ಪಿದರೆ ಪೈಪು ಗುಜರಿಗೆ. ತಿಳಿದಿರಬೇಕಾದ ಅಂಕಿಗಳೋ ಬೆರಳೆಣಿಕೆಯವು.

ಮೊದಲು 90 ಡಿಗ್ರಿಯ ಬಾಗು. ನೆಲದಿಂದ 40 ಸೆಂ.ಮೀ. ಎತ್ತರಕ್ಕೆ ಪೈಪಿನ ತುದಿ ಏಳಬೇಕು ಎಂದುಕೊಳ್ಳಿ. ತುದಿಯಿಂದ 40ಕ್ಕೇ ಗುರುತು ಹಾಕಿ ಬಗ್ಗಿಸಿದರೆ ಎತ್ತರ ಹೆಚ್ಚಾಗಿಬಿಡುತ್ತದೆ, ಏಕೆಂದರೆ ಬಾಗಿನ ವೃತ್ತವೂ ತನ್ನ ಪಾಲಿನ ಎತ್ತರವನ್ನು ಸೇರಿಸುತ್ತದೆ. ಎಷ್ಟು ಸೇರಿಸುತ್ತದೋ ಅಷ್ಟನ್ನು ಮೊದಲೇ ಕಳೆಯಬೇಕು. ಅಮೆರಿಕದಲ್ಲಿ ಬಳಸುವ ತೆಳು ಉಕ್ಕಿನ ಪೈಪುಗಳಿಗೆ ಈ ಕಳೆತ ಸಾಮಾನ್ಯವಾಗಿ ಅರ್ಧ ಇಂಚಿನದಕ್ಕೆ 5 ಇಂಚು, ಮುಕ್ಕಾಲಿಗೆ 6, ಒಂದು ಇಂಚಿನದಕ್ಕೆ 8. ನಮ್ಮ 20 ಮಿ.ಮೀ., 25 ಮಿ.ಮೀ. ಪೈಪುಗಳಿಗೆ ಈ ಅಂಕಿಗಳನ್ನು ಹಾಗೇ ಹೊರಿಸಬಾರದು. ನಿಮ್ಮ ಬೆಂಡರನ್ನೇ ಕೇಳಬೇಕು. ಒಂದು ತುಂಡು ಪೈಪಿನ ತುದಿಯಿಂದ 30 ಸೆಂ.ಮೀ.ಗೆ ಗುರುತು ಹಾಕಿ. ಬೆಂಡರಿನ ಕೊಕ್ಕೆ ಆ ತುದಿಯ ಕಡೆಗಿರಲಿ, ಬಾಣ ಗುರುತಿನ ಮೇಲೆ ಕೂರಲಿ. ಹಿಡಿಯನ್ನು ಎಳೆಯುವುದಕ್ಕಿಂತ ಕಾಲಿನ ಭಾರವನ್ನು ಹೆಚ್ಚು ಹಾಕಿ ಬಗ್ಗಿಸಿ. ಕಾಲು ಸಡಿಲಿಸಿದಾಗ ಉಕ್ಕು ತುಸು ಹಿಂದಕ್ಕೆ ಚಿಮ್ಮುವುದರಿಂದ 90 ದಾಟಿ ಒಂದೆರಡು ಡಿಗ್ರಿ ಹೋಗಬೇಕಾದೀತು. ಈಗ ನೆಲದಿಂದ ತುದಿಯವರೆಗೆ ಅಳೆಯಿರಿ. 43 ಸೆಂ.ಮೀ. ಬಂತೆಂದರೆ ಆ ಬೆಂಡರಿನ ಕಳೆತ 13. ಅಂದರೆ 40 ಬೇಕಾದವರು 27ಕ್ಕೆ ಗುರುತು ಹಾಕಬೇಕು.

ಆಫ್‌ಸೆಟ್, ಅಂದರೆ ಎರಡು ಬಾಗುಗಳ ಜೋಡಿ, ಇನ್ನೂ ಸ್ವಾರಸ್ಯದ್ದು. ಗೋಡೆಗುಂಟ ಬರುವ ಪೈಪಿಗೆ 10 ಸೆಂ.ಮೀ. ಮುಂಚಾಚಿದ ಕಂಬವೊಂದು ಅಡ್ಡ ಬಂದಿದೆ. ಪೈಪು ಏರಿ, ಮತ್ತೆ ಗೋಡೆಗೆ ಸಮಾನಾಂತರವಾಗಬೇಕು. ಇಲ್ಲಿ ಎರಡು ಗುರುತುಗಳ ನಡುವಿನ ಅಂತರವೇ ಎಲ್ಲ. ಪೈಪು ಏರಬೇಕಾದ ಎತ್ತರವನ್ನು ಬಾಗಿನ ಕೋನದ ಸೈನ್‌ನಿಂದ ಭಾಗಿಸಿದರೆ ಅದು ಸಿಗುತ್ತದೆ; ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿ ಬದುಕಿನಲ್ಲಿ ಎಲ್ಲಿ ಬಂತು ಎಂದು ಕೇಳುವವರಿಗೆ ಇಗೋ ಇಲ್ಲಿ. ಬಾಯಿಪಾಠಕ್ಕೆ: 22.5 ಡಿಗ್ರಿಗೆ 2.6ರಿಂದ, 30ಕ್ಕೆ 2ರಿಂದ, 45ಕ್ಕೆ 1.4ರಿಂದ, 60ಕ್ಕೆ 1.2ರಿಂದ ಗುಣಿಸಿ. ಆದರೆ ಪೈಪು ಓರೆಯಾಗಿ ಹತ್ತುವಾಗ ಗೋಡೆಗುಂಟ ಅದು ತಲುಪುವ ದೂರ ಕುಗ್ಗುತ್ತದೆ, ಹೆಚ್ಚಿನವರು ಎಡವುವುದು ಈ ಕಡೆ. ಎತ್ತರದ ಪ್ರತಿ ಸೆಂ.ಮೀ.ಗೆ 30 ಡಿಗ್ರಿಯಲ್ಲಿ ಸುಮಾರು 2.7 ಮಿ.ಮೀ., 45ರಲ್ಲಿ 4.1 ಮಿ.ಮೀ. ಕುಗ್ಗು. ಕಂಬ ಪೈಪಿನ ತುದಿಯಿಂದ ಮೀಟರ್ ದೂರವಿದ್ದರೆ, 30 ಡಿಗ್ರಿಗೆ ಒಂದು ಗುರುತು 102.7 ಸೆಂ.ಮೀ.ಗೆ, ಇನ್ನೊಂದು ಅದರಿಂದ 20 ಹಿಂದೆ, 82.7ಕ್ಕೆ. ಬಗ್ಗಿಸುವ ಮುನ್ನ ಪೈಪಿನ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಮೊದಲ ಬಾಗಿನ ನಂತರ ಪೈಪನ್ನು ಸರಿಯಾಗಿ ಅರ್ಧ ಸುತ್ತು ತಿರುಗಿಸದಿದ್ದರೆ ಎರಡನೆಯದು ನಾಯಿಕಾಲಿನಂತೆ ಪಕ್ಕಕ್ಕೆ ಸೊಟ್ಟಗಾಗುತ್ತದೆ, ಅದಕ್ಕೆ ಮದ್ದಿಲ್ಲ.

ಪಳಗಿದ ಕೈಗೆ ಅಳೆದೂ ಸುರಿದೂ ನೋಡುವ ಗರಜು ಇಲ್ಲ ಎನ್ನುವವರಿದ್ದಾರೆ. ಒಂಟಿ ಪೈಪಿಗೆ ಆ ಮಾತು ಒಪ್ಪಬಹುದು. ಮೂರು ಪೈಪು ಅಕ್ಕಪಕ್ಕ ಓಡುವಾಗ ಕಣ್ಣಂದಾಜಿನ ಮೂರು ಬಾಗುಗಳು ಒಂದರಂತೆ ಇನ್ನೊಂದು ಇರುವುದು ಅಪರೂಪ, ಲೆಕ್ಕದವು ಇರುತ್ತವೆ. ನಮ್ಮ ಮನೆಗಳಲ್ಲಿ ಪಿವಿಸಿ ಪೈಪು, ಸ್ಪ್ರಿಂಗ್ ಹಾಕಿ ಬಗ್ಗಿಸಿದರೆ ಆಯಿತಲ್ಲ ಎನ್ನುವ ಆಕ್ಷೇಪಕ್ಕೂ ಅರ್ಧ ಬಲವಿದೆ: ಬಾಣವಿಲ್ಲದ ಕಡೆ ಕಳೆತದ ಲೆಕ್ಕ ನಡೆಯದು. ಆಫ್‌ಸೆಟ್ಟಿನದು ಮಾತ್ರ ಶುದ್ಧ ರೇಖಾಗಣಿತ, ಪೈಪು ಯಾವುದಾದರೇನು. ಇನ್ನು ಕೋನದ ಆಯ್ಕೆ. ಅಮೆರಿಕದ ವಿದ್ಯುತ್ ಸಂಹಿತೆ ತಂತಿ ಎಳೆಯುವ ಎರಡು ಪೆಟ್ಟಿಗೆಗಳ ನಡುವೆ ಒಟ್ಟು ಬಾಗು 360 ಡಿಗ್ರಿ ಮೀರಬಾರದು ಎನ್ನುತ್ತದೆ. ತಂತಿ ಎಳೆಯುವಾಗ ಬಾಗುಗಳ ತಿಕ್ಕಾಟ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ 0.3 ಎಂದು ಹಿಡಿದರೆ ಒಂದು 90 ಡಿಗ್ರಿಗೆ ಎಳೆತ 1.6 ಪಟ್ಟು, ನಾಲ್ಕಕ್ಕೆ ಆರೂವರೆ ಪಟ್ಟು. 45 ಡಿಗ್ರಿಯ ಆಫ್‌ಸೆಟ್ 90 ನುಂಗಿದರೆ 30ರದ್ದು ಬರೀ 60 ನುಂಗುತ್ತದೆ. ಜಾಗವಿದ್ದಲ್ಲಿ 30ನ್ನೇ ಆರಿಸಿ.

ಪೈಪು ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನಯ ಮಾಡುವುದು ಮರೆಯಬೇಡಿ. ಮತ್ತೆ, ತುಂಡು ಪೈಪಿನಲ್ಲಿ ಕಂಡುಕೊಂಡ ಕಳೆತವನ್ನು ಮಾರ್ಕರಿನಿಂದ ಬೆಂಡರಿನ ಹಿಡಿಯ ಮೇಲೆ ಬರೆದಿಡಿ. ಬೇರೆ ಬೆಂಡರ್ ಕೈಗೆ ಬಂದ ದಿನ ಅದಕ್ಕೂ ಒಂದು ತುಂಡು ಬಗ್ಗಿಸಿ ನೋಡಿ.